ಮೈನಸ್ 31ರ ರಾತ್ರಿ, ನಾಲ್ಕು ಬೋನ್ಸಾಯ್

2019ರ ಮೇ ತಿಂಗಳ ಒಂದು ಭಾನುವಾರ ನಮ್ಮ ಜುನಿಪರನ್ನು, ಅಂದರೆ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಒಂದು ನಿತ್ಯಹಸಿರಿನ ಬೋನ್ಸಾಯನ್ನು, ಎತ್ತಿ ಗೊಬ್ಬರದ ಗುಂಡಿಗೆ ಹಾಕಿದೆ. ದೂರದಿಂದ ನೋಡಿದರೆ ಅದು ಆಗಲೂ ಹಸಿರಾಗೇ ಕಾಣುತ್ತಿತ್ತು. ಕೈಯಲ್ಲಿ ಹಿಡಿದರೆ ಮಾತ್ರ ಒಣಗಿದ ದರ್ಭೆಯ ಹಾಗೆ ಪರಪರ ಅನ್ನುತ್ತಿತ್ತು. ಅದು ಸತ್ತು ಮೂರು ತಿಂಗಳಾದರೂ ಆಗಿತ್ತು ಅಂತ ನನ್ನ ಲೆಕ್ಕ.

ಆ ಚಳಿಗಾಲದಲ್ಲಿ ನನ್ನ ಹತ್ತಿರ ಹೊರಗೆ ಬೆಳೆಯುವ ನಾಲ್ಕು ಬೋನ್ಸಾಯ್ ಇದ್ದವು. ಒಂದು ಸತ್ತಿತು. ಒಂದು ಅರ್ಧ ಹಾಳಾಯಿತು. ಒಂದು ಕುಂಡ ಒಡೆದುಕೊಂಡು ಬದುಕಿತು. ಇನ್ನೊಂದಕ್ಕೆ ಏನೂ ಆಗಲಿಲ್ಲ. ಏನೂ ಆಗದೆ ಉಳಿದದ್ದು ನಾನು ಹೊರಗೇ ಬಿಟ್ಟಿದ್ದ ಗಿಡ. ಅರ್ಧ ಹಾಳಾದದ್ದು ನಾನು ಎಲ್ಲಕ್ಕಿಂತ ಜಾಸ್ತಿ ಮುದ್ದು ಮಾಡಿದ್ದು. ಆಗ ಬರೆದಿಟ್ಟುಕೊಂಡಿದ್ದ ಥರ್ಮಾಮೀಟರ್ ಅಂಕಿಗಳನ್ನು ಮುಂದಿಟ್ಟುಕೊಂಡು, ಎಲ್ಲಿ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಶಿಕಾಗೋದ ಪಶ್ಚಿಮಕ್ಕಿರುವ ನೇಪರ್‌ವಿಲ್‌ನಲ್ಲಿ. ನಾಲ್ಕು ಗಿಡಗಳೆಂದರೆ ಒಂದು ಜಪಾನೀಸ್ ಮೇಪಲ್, ಒಂದು ಟ್ರೈಡೆಂಟ್ ಮೇಪಲ್, ಒಂದು ಜುನಿಪರ್, ಸೂಜಿ ಎಲೆಯ ಒಂದು ಲಾರ್ಚ್. ಐದನೆಯದಾಗಿ ಒಂದು ಫೈಕಸ್ ಕೂಡ ಇತ್ತು. ಅದು ನಮ್ಮ ಅರಳಿ, ಆಲದ ನೆಂಟ. ಅಕ್ಟೋಬರ್ ಬಂತೆಂದರೆ ಒಳಗೆ ಬಂದು ಕಿಟಕಿ ಪಕ್ಕ ಕೂತು ಏಪ್ರಿಲ್ ದಾಟುವವರೆಗೆ ಏಳುವುದಿಲ್ಲ. ಅದರ ಕಥೆ ಇಲ್ಲಿ ಬೇಡ.

ಬೆಂಗಳೂರಿನಲ್ಲಿ ಬೋನ್ಸಾಯ್ ಮಾಡುವ ಸ್ನೇಹಿತರಿಗೆ ಈ ಚಳಿಗಾಲದ ಗೋಳು ಅರ್ಥವಾಗುವುದಿಲ್ಲ. ಅವರ ಗೋಣಿ ಮರ, ಹುಣಸೆಗೆ ಇದ್ಯಾವುದೂ ಬೇಡ. ಆದರೆ ಎಲೆ ಉದುರಿಸಿ ಕೂರುವ ಮರಗಳು ನಮಗೇನೂ ಹೊಸದಲ್ಲ. ಆ ವರ್ಷ ಸಾಗರದಿಂದ ಅಮ್ಮ ಬಂದಿದ್ದರು. ನವೆಂಬರ್‌ನಲ್ಲಿ ಮೇಪಲ್ ಬೋಳಾದಾಗ ನಾನು ಸುಪ್ತಾವಸ್ಥೆ, ಅದು ಇದು ಅಂತ ವಿವರಿಸಲು ಹೊರಟೆ. ಅಮ್ಮ ಅರ್ಧದಲ್ಲೇ ತಡೆದರು. "ಅಷ್ಟೇ ತಾನೆ? ಬೇಸಿಗೇಲಿ ತೇಗ, ಮುತ್ತುಗ ಎಲ್ಲ ಬೋಳಾಗಿ ನಿಲ್ಲಲ್ವಾ ಮಾರಾಯ. ಅಲ್ಲಿ ನೀರಿಲ್ಲ ಅಂತ, ಇಲ್ಲಿ ಚಳಿ ಅಂತ." ನಾನು ಹೇಳಬೇಕೆಂದಿದ್ದಕ್ಕಿಂತ ಚೆನ್ನಾಗೇ ಹೇಳಿದ್ದರು. ಒಂದು ವ್ಯತ್ಯಾಸ ಮಾತ್ರ ಉಳಿದಿತ್ತು, ಅದು ಆಮೇಲೆ ಬರುತ್ತದೆ.

ಗ್ಯಾರೇಜು

ನೆಲದಲ್ಲಿ ಬೆಳೆದ ಮೇಪಲ್ ಶಿಕಾಗೋದ ಚಳಿ ತಡೆಯುತ್ತದೆ, ಕುಂಡದ್ದು ತಡೆಯುವುದಿಲ್ಲ. ಗಿಡ ಎರಡೂ ಒಂದೇ. ತೊಂದರೆ ಇರುವುದು ಬೇರಿನಲ್ಲಿ. ಜಪಾನೀಸ್ ಮೇಪಲ್‌ನ ಕೊಂಬೆಗಳು ಮೈನಸ್ 20 ಡಿಗ್ರಿ ಸೆಲ್ಸಿಯಸ್ ದಾಟಿದರೂ ಸುಧಾರಿಸಿಕೊಳ್ಳುತ್ತವೆ. ಅದರ ಬಲಿತ ಬೇರು ಮಾತ್ರ ಸುಮಾರು ಮೈನಸ್ 10ಕ್ಕೇ ಸಾಯುತ್ತದೆ. ಎಳೆ ಬೇರಿನ ತುದಿ ಅದಕ್ಕೂ ಮೊದಲೇ ಹೋಗುತ್ತದೆ. ಕಾಡಿನಲ್ಲಿ ಬೇರಿಗೆ ಈ ಪರೀಕ್ಷೆಯೇ ಬರುವುದಿಲ್ಲ. ಮೇಲೆ ಏನೇ ಇರಲಿ, ಒಂದು ಅಡಿ ಕೆಳಗಿನ ಮಣ್ಣು ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೂರು ಇಂಚು ಆಳದ ಬೋನ್ಸಾಯ್ ಕುಂಡವನ್ನು ಮೇಜಿನ ಮೇಲೆ ಬಿಟ್ಟರೆ ಗಾಳಿ ಎಷ್ಟು ತಣ್ಣಗಿದೆಯೋ ಮಣ್ಣೂ ಸ್ವಲ್ಪ ಹೊತ್ತಿಗೆ ಅಷ್ಟೇ ತಣ್ಣಗಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ ನಾವು ಕಾಯಬೇಕಾದದ್ದು ಬೇರನ್ನು. ಆ ವರ್ಷ ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ ಅಂತ ಮುಂದೆ ನೋಡುತ್ತೀರಿ.

ನಾನು ಕಲಿತ ಪುಸ್ತಕಗಳೆಲ್ಲ ಜಪಾನಿನ ಪದ್ಧತಿಯವು. ಅಲ್ಲಿ 'ಮುರೋ' ಅಂತ ಒಂದು ಚಳಿಗಾಲದ ಕೋಣೆ ಕಟ್ಟುತ್ತಾರೆ, ಕೆಲವೊಮ್ಮೆ ಅರ್ಧ ನೆಲದೊಳಗೆ. ಬೋನ್ಸಾಯ್‌ಗೆ ಹೆಸರಾದ ಓಮಿಯಾ ಇರುವುದು ಟೋಕಿಯೋ ಪಕ್ಕದ ಸೈತಾಮದಲ್ಲಿ. ಅಲ್ಲಿನ ಜನವರಿ ರಾತ್ರಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲೆ ಕೆಳಗೆ. ಆ ಲೆಕ್ಕ ಹಿಡಿದು ಶಿಕಾಗೋದಲ್ಲಿ ಗಿಡ ಹೊರಗಿಟ್ಟರೆ ಮುಗೀತು. ಇಲ್ಲಿ ಶಿಕಾಗೋ ಬೊಟಾನಿಕ್ ಗಾರ್ಡನ್‌ನವರೇ ಚಳಿಗಾಲ ಪೂರ್ತಿ ತಮ್ಮ ಬೋನ್ಸಾಯ್‌ಗಳನ್ನು ಅಂಗಳದಿಂದ ತೆಗೆದು ಒಳಗೆ ತಂಪಾದ ಜಾಗದಲ್ಲಿ ಇಡುತ್ತಾರೆ. ನನಗಿದ್ದ ಮುರೋ ಎಂದರೆ ಗ್ಯಾರೇಜು.

ನಮ್ಮ ಗ್ಯಾರೇಜು ಮನೆಗೆ ಅಂಟಿಕೊಂಡಿದೆ, ಹೀಟರ್ ಇಲ್ಲ. ಒಂದು ಗೋಡೆ ಅಡುಗೆಮನೆಯದ್ದು, ಅದು ಸ್ವಲ್ಪ ಬೆಚ್ಚಗೆ. ಎದುರಿನ ಗೋಡೆ ಹೊರಗಿನದು. ನವೆಂಬರ್‌ನ ಮೊದಲ ಹಿಮಗಳನ್ನು ಗಿಡಗಳು ಹೊರಗೇ ಉಂಡವು. ಅದು ಬೇಕು ಕೂಡ. ಹಗಲು ಕಿರಿದಾಗಿ, ರಾತ್ರಿ ತಣ್ಣಗಾದಂತೆ ಗಿಡ ತನ್ನ ಜೀವಕೋಶಗಳಲ್ಲಿ ಸಕ್ಕರೆ ತುಂಬಿಕೊಂಡು, ನೀರು ಕಡಿಮೆ ಮಾಡಿಕೊಂಡು ಚಳಿಗೆ ಗಟ್ಟಿಯಾಗುತ್ತದೆ. ಅದಕ್ಕೆ ವಾರಗಟ್ಟಲೆ ಸಮಯ ಹಿಡಿಯುತ್ತದೆ. ನವೆಂಬರ್ 25ರ ರಾತ್ರಿ ಜೋರು ಹಿಮಗಾಳಿ ಬರುತ್ತದೆಂದು ಗೊತ್ತಾದಾಗ ಎರಡು ಮೇಪಲ್ ಮತ್ತು ಜುನಿಪರನ್ನು ಗ್ಯಾರೇಜಿಗೆ ತಂದೆ. ಲಾರ್ಚ್ ಮರದ ಪೆಟ್ಟಿಗೆಯಲ್ಲಿತ್ತು, ಭಾರ. ಅಲಾಸ್ಕಾ, ಕೆನಡಾದ ಜೌಗು ನೆಲದಲ್ಲಿ ಬೆಳೆಯುವ ಜಾತಿ ಅದು. ಮನೆಯ ಉತ್ತರದ ಗೋಡೆಗೆ ಒತ್ತಿ ನೆಲದ ಮೇಲಿಟ್ಟು, ಪೆಟ್ಟಿಗೆ ಮುಚ್ಚುವಷ್ಟು ಮರದ ತೊಗಟೆ ಚೂರು ಸುರಿದು, ನಿನ್ನ ಪಾಡು ನಿನಗೆ ಅಂದೆ.

"ಕತ್ತಲಲ್ಲಿ ಇಟ್ರೆ ಸಾಯಲ್ವೇನೋ?" ಅಂತ ಅಮ್ಮ ಕೇಳಿದರು. ಎಲೆಯೇ ಇಲ್ಲದ ಗಿಡಕ್ಕೆ ಬೆಳಕು ಯಾಕೆ? ಜುನಿಪರ್‌ಗೆ ಎಲೆ ಇದ್ದರೂ, ಸೊನ್ನೆಯ ಹತ್ತಿರ ಅದು ಅಡುಗೆ ಮಾಡುವುದು ತೀರಾ ಕಡಿಮೆ. ನೀರು ಮಾತ್ರ ಬೇಕು. ಗ್ಯಾರೇಜಿನಲ್ಲಿ ಮಳೆ ಇಲ್ಲ, ಹಿಮ ಇಲ್ಲ. ಎರಡು ವಾರಕ್ಕೊಮ್ಮೆಯಾದರೂ ಕುಂಡ ಎತ್ತಿ ನೋಡಬೇಕು. ಹಗುರ ಅನ್ನಿಸಿದರೆ, ಮಣ್ಣು ಹೆಪ್ಪುಗಟ್ಟಿಲ್ಲದ ದಿನ ನೋಡಿ ನೀರು ಕೊಡಬೇಕು.

ನನ್ನ ಮೊದಲ ತಪ್ಪು ಇಲ್ಲೇ ಆಯಿತು. ಮೇಪಲ್‌ಗಳನ್ನು ನೆಲದ ಮೇಲಿಟ್ಟೆ, ಜುನಿಪರನ್ನು ಮೇಲಿನ ಶೆಲ್ಫಿನಲ್ಲಿ. ಅಲ್ಲಿ ಜಾಗ ಇತ್ತು, ಅಷ್ಟೇ ಕಾರಣ. ಬಿಸಿ ಗಾಳಿ ಮೇಲೇರುತ್ತದೆ. ಸಂಜೆ ಆಫೀಸಿನಿಂದ ಬಂದ ಕಾರಿನ ಎಂಜಿನ್ ಗ್ಯಾರೇಜನ್ನು ನಾಲ್ಕೈದು ಡಿಗ್ರಿ ಬಿಸಿ ಮಾಡುತ್ತದೆ. ಆ ಡಿಸೆಂಬರ್ ಹೇಗೂ ಮೆದುವಾಗಿತ್ತು. ಶೆಲ್ಫಿನ ಹತ್ತಿರ ಎಷ್ಟೋ ಸಂಜೆ 9 ಡಿಗ್ರಿ ತೋರಿಸುತ್ತಿತ್ತು. ಮೇಲಿದ್ದ ಕುಂಡ ಕೆಳಗಿದ್ದವಕ್ಕಿಂತ ಬೇಗ ಒಣಗುತ್ತಿತ್ತು. ಆದರೆ ನಾನು ಎತ್ತಿ ನೋಡುತ್ತಿದ್ದದ್ದು ಕೈಗೆ ಸಿಗುವ ಕೆಳಗಿನವನ್ನು. ಜುನಿಪರ್ ಹಸಿರಾಗಿದೆಯಲ್ಲ, ಚೆನ್ನಾಗಿದೆ ಅಂದುಕೊಂಡೆ. ಡಿಸೆಂಬರ್ ಮೂರನೇ ವಾರದ ನಂತರ ಅದಕ್ಕೆ ನೀರು ಕೊಟ್ಟ ನಮೂದು ನನ್ನ ಪುಸ್ತಕದಲ್ಲಿ ಇಲ್ಲ.

ಜನವರಿ 29ರಿಂದ 31

ಧ್ರುವದ ಚಳಿಗಾಳಿ ದಕ್ಷಿಣಕ್ಕೆ ಇಳಿಯುತ್ತದೆ ಅನ್ನುವ ಸುದ್ದಿ ವಾರ ಮೊದಲೇ ಇತ್ತು. ಜನವರಿ 27, 28ಕ್ಕೆ ಹಿಮ ಬಿತ್ತು. ಲಾರ್ಚ್ ಅದರಡಿ ಮುಚ್ಚಿಹೋಯಿತು, ತುದಿ ಮಾತ್ರ ಕಾಣುತ್ತಿತ್ತು. 30ರ ಬೆಳಿಗ್ಗೆ ಶಿಕಾಗೋದ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 31 ಡಿಗ್ರಿ. ಆ ದಿನದ ಗರಿಷ್ಠವೇ ಮೈನಸ್ 23. ಮಾರನೇ ದಿನ ಪಶ್ಚಿಮದ ರಾಕ್‌ಫರ್ಡ್ ಮೈನಸ್ 35ಕ್ಕೆ ಇಳಿದು ಆ ಊರಿನ ಸಾರ್ವಕಾಲಿಕ ದಾಖಲೆ ಬರೆಯಿತು. ಶಾಲೆ ಇಲ್ಲ, ಅಂಚೆ ಇಲ್ಲ. ಅಮ್ಮ ಕಿಟಕಿಯ ಒಳಗಡೆ ಕಟ್ಟಿದ್ದ ಹೆಪ್ಪನ್ನು ಉಗುರಿನಿಂದ ಕೆರೆದು ನೋಡುತ್ತಿದ್ದರು.

29ರ ಬೆಳಿಗ್ಗೆ ನಾನು ಮಾಡಿದ ಒಂದು ಕೆಲಸ ಸರಿಯಾಗಿತ್ತು. ಎರಡೂ ಮೇಪಲ್‌ಗಳಿಗೆ ತಳದಿಂದ ಸೋರುವಷ್ಟು ನೀರು ಕೊಟ್ಟೆ. ಚಳಿಯಲ್ಲಿ ನೀರು ಕೊಡೋದಾ ಅಂತ ಕೇಳಬಹುದು. ಒಂದು ಲೀಟರ್ ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುವಾಗ ಬಿಟ್ಟುಕೊಡುವ ಬಿಸಿ ಸಣ್ಣದಲ್ಲ. ಅದೇ ಒಂದು ಲೀಟರ್ ತಣ್ಣೀರನ್ನು 80 ಡಿಗ್ರಿಗೆ ಕಾಯಿಸಲು ಬೇಕಾದಷ್ಟು. ಒದ್ದೆ ಮಣ್ಣು ಪೂರ್ತಿ ಹೆಪ್ಪುಗಟ್ಟುವವರೆಗೆ ಸೊನ್ನೆಯ ಹತ್ತಿರವೇ ನಿಂತಿರುತ್ತದೆ. ಒಣ ಮಣ್ಣಿಗೆ ಆ ತಡೆ ಇಲ್ಲ, ಸರ್ರನೆ ಇಳಿಯುತ್ತದೆ. ಆಮೇಲೆ ಕುಂಡಗಳನ್ನು ಅಡುಗೆಮನೆ ಗೋಡೆಗೆ ಒತ್ತಿ, ಸುತ್ತ ತೊಗಟೆ ಚೂರಿನ ಮೂಟೆ ಇಟ್ಟು, ಮೇಲೆ ಊರಿನ ಕಂಬಳಿ ಹೊದಿಸಿದೆ. ಕೆಳಗೆ ಥರ್ಮೋಕೋಲ್ ಹಾಕಲು ಹೋಗಿ, ಬೇಡ ಅಂತ ತೆಗೆದೆ. ಕಾಂಕ್ರೀಟ್ ಕೆಳಗಿನ ಮಣ್ಣಿನ ಬಿಸಿ ಮೇಲೆ ಬರುವ ದಾರಿ ಅದು, ಮುಚ್ಚಬಾರದು. ಶೆಲ್ಫಿನ ಮೇಲಿದ್ದ ಜುನಿಪರ್ ನೆನಪಾಗಲಿಲ್ಲ.

ಥರ್ಮಾಮೀಟರಿಗೆ ಎರಡು ತಂತಿ ಇದ್ದವು. ಒಂದು ಗಾಳಿಯಲ್ಲಿ ನೇತಾಡುತ್ತಿತ್ತು, ಇನ್ನೊಂದು ಟ್ರೈಡೆಂಟ್ ಕುಂಡದ ಮಣ್ಣಿನಲ್ಲಿ. ಟ್ರೈಡೆಂಟ್‌ನ ಬೇರು ರಸ ತುಂಬಿ ದಪ್ಪಗಿರುತ್ತದೆ, ಹಿಮಕ್ಕೆ ಮೊದಲು ಬಲಿಯಾಗುವುದು ಅದೇ ಅಂತ ಅಲ್ಲಿ ಚುಚ್ಚಿದ್ದೆ. 30ರ ರಾತ್ರಿ ಹನ್ನೊಂದಕ್ಕೆ ನೋಡಿದರೆ ಗಾಳಿ ಮೈನಸ್ 9. ಮಣ್ಣು ಮೈನಸ್ 1.

ಈ ಎರಡು ಅಂಕಿಗಳಲ್ಲಿ ನಾನು ಓದಬೇಕಾಗಿದ್ದು ಎರಡನೆಯದನ್ನು. ಬೇರು ಇರುವುದು ಮಣ್ಣಿನಲ್ಲಿ. ಮೈನಸ್ 1 ಎಂದರೆ ಬೇರಿಗೆ ಆರಾಮ. ಆದರೆ ಕಣ್ಣಿಗೆ ಬಿದ್ದದ್ದು ಮೈನಸ್ 9. ಹೊರಗೆ ಮರದ ಗೋಡೆಗಳು ಚಳಿಗೆ ಫಟ್ ಫಟ್ ಅನ್ನುತ್ತಿದ್ದವು. ಐದು ವರ್ಷ ಕೂತು ತಂತಿ ಸುತ್ತಿ, ಚಿಗುರು ಚಿವುಟಿ, ಒಂದೊಂದು ರೆಂಬೆಯನ್ನೂ ಎರಡು ಮಾಡಿದ ಜಪಾನೀಸ್ ಮೇಪಲ್ ಅದು. ಎತ್ತಿಕೊಂಡು ಹೋಗಿ ನೆಲಮಾಳಿಗೆಯಲ್ಲಿ ಇಟ್ಟೆ. ಅಲ್ಲಿ 18 ಡಿಗ್ರಿ. ಬೆಳಿಗ್ಗೆ ವಾಪಸ್ ಇಟ್ಟರಾಯಿತು ಅಂದುಕೊಂಡೆ.

ಟ್ರೈಡೆಂಟನ್ನು ಯಾಕೆ ಒಯ್ಯಲಿಲ್ಲ? ಅದು ಭಾರ, ಮತ್ತೆ ನನಗೆ ಅದರ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಸತ್ಯ ಇಷ್ಟೇ.

31ರ ಬೆಳಗಿನ ಜಾವ ಗ್ಯಾರೇಜಿನ ಗಾಳಿ ಮೈನಸ್ 11ಕ್ಕೆ ತಲುಪಿತು. ಟ್ರೈಡೆಂಟ್ ಮಣ್ಣು ಮೈನಸ್ 4ಕ್ಕಿಂತ ಕೆಳಗೆ ಹೋಗಲಿಲ್ಲ.

ಹನ್ನೊಂದು ದಿನ

ಫೆಬ್ರವರಿ 4ರ ಹೊತ್ತಿಗೆ ಹೊರಗೆ 10 ಡಿಗ್ರಿ. ಐದು ದಿನದಲ್ಲಿ 40 ಡಿಗ್ರಿ ಏರಿಕೆ. ಜನ ಟೀ ಶರ್ಟಿನಲ್ಲಿ ಓಡಾಡುತ್ತಿದ್ದರು. ಅಮ್ಮನ ವಾಪಸ್ ಪ್ರಯಾಣ 10ಕ್ಕೆ. ನೆಲಮಾಳಿಗೆಯಲ್ಲಿ ಸೂಟ್‌ಕೇಸ್‌ಗಳು ಬಾಯಿ ತೆರೆದು ಕೂತವು. ತೂಕ ಹಾಕುವುದು, ತೆಗೆಯುವುದು, ಮತ್ತೆ ತುಂಬುವುದು. ಮೇಪಲ್ ಆ ಸೂಟ್‌ಕೇಸ್‌ಗಳ ಹಿಂದೆ ಸರಿದುಹೋಯಿತು. ನಾನು ಮರೆತೆ.

ಒಂಬತ್ತರ ರಾತ್ರಿ ಕೆಳಗಿನಿಂದ ಅಮ್ಮನ ದನಿ ಬಂತು, ಖುಷಿಯ ದನಿ. "ಬಾರೋ ಇಲ್ಲಿ. ನಿನ್ನ ಗಿಡ ಚಿಗುರ್ತಾ ಉಂಟಲ್ಲೋ!"

ಮೊಗ್ಗುಗಳು ಜೋಳದ ಕಾಳಿನಷ್ಟು ಉಬ್ಬಿ, ತುದಿಯಲ್ಲಿ ಕೆಂಪು ಬಿರುಕು ಬಿಟ್ಟಿದ್ದವು. ಅಮ್ಮನಿಗೆ ಅದು ಒಳ್ಳೆಯ ಸುದ್ದಿ. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

ಅಮ್ಮನ ತೇಗಕ್ಕೂ ನನ್ನ ಮೇಪಲ್‌ಗೂ ಇರುವ ವ್ಯತ್ಯಾಸ ಇದು. ಚಳಿ ನಾಡಿನ ಮರದ ನಿದ್ದೆಯಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಬೆಚ್ಚಗೆ ಮಾಡಿದರೂ ಅದು ಸುಲಭಕ್ಕೆ ಏಳುವುದಿಲ್ಲ, ಒಳಗಿನಿಂದಲೇ ಚಿಲಕ ಹಾಕಿಕೊಂಡಿರುತ್ತದೆ. ಸುಮಾರು 0ಯಿಂದ 7 ಡಿಗ್ರಿಯ ತಂಪಿನಲ್ಲಿ ಕಳೆದ ಗಂಟೆಗಳನ್ನು ಎಣಿಸುತ್ತಾ ಹೋಗುತ್ತದೆ. ಇಂಥ ಎಷ್ಟೋ ಮರಗಳಿಗೆ ಬೇಕಾಗುವುದು ಹೆಚ್ಚುಕಡಿಮೆ 1000 ಗಂಟೆ. ಆರು ವಾರ ಅನ್ನಿ. ಆ ಲೆಕ್ಕ ಮುಗಿದ ಮೇಲೆ ಎರಡನೇ ಭಾಗ. ಆಗ ಒಳಗಿನ ಚಿಲಕ ಇಲ್ಲ. ಹೊರಗಿನ ಚಳಿಯೊಂದೇ ಬಾಗಿಲನ್ನು ಹಿಡಿದು ನಿಲ್ಲಿಸಿರುತ್ತದೆ. ನನ್ನ ಮೇಪಲ್ ನವೆಂಬರ್‌ನಿಂದ ಜನವರಿವರೆಗೆ ಗ್ಯಾರೇಜಿನ ತಂಪಿನಲ್ಲಿ ತನ್ನ ಗಂಟೆಗಳನ್ನು ಪೂರೈಸಿತ್ತು. ಅಂಥ ಹೊತ್ತಿನಲ್ಲಿ 18 ಡಿಗ್ರಿಗೆ ಒಯ್ದೆ. ಇದೇ ತಪ್ಪನ್ನು ನವೆಂಬರ್ ಕೊನೆಯಲ್ಲಿ ಮಾಡಿದ್ದರೆ ಅದು ಬಹುಶಃ ಮಗ್ಗುಲು ಬದಲಿಸಿ ಮಲಗಿರುತ್ತಿತ್ತು.

ಎದ್ದ ಗಿಡವನ್ನು ಮತ್ತೆ ಮಲಗಿಸಲು ಆಗುವುದಿಲ್ಲ. ಉಬ್ಬಿದ ಮೊಗ್ಗಿನಲ್ಲಿ ನೀರು ಹರಿದಿರುತ್ತದೆ. ಮೈನಸ್ 20 ತಡೆಯುತ್ತಿದ್ದ ರೆಂಬೆ ಈಗ ಮೈನಸ್ 4ಕ್ಕೇ ಸಾಯಬಹುದು. ನನ್ನ ಮುಂದೆ ಎರಡು ದಾರಿ ಇದ್ದವು. ಒಳಗೇ ದೀಪದಡಿ ಬೆಳೆಸುವುದು ಒಂದು. ಆದರೆ ಹೊರಗಿಡುವ ಕಾಲಕ್ಕೆ ಇನ್ನೂ ಮೂರು ತಿಂಗಳು. ಅಷ್ಟರಲ್ಲಿ ಚಿಗುರು ಮೊಳಕೆ ಬಂದ ಹೆಸರುಕಾಳಿನ ಹಾಗೆ ಉದ್ದುದ್ದ, ಬಿಳಿಚಿಕೊಂಡು ಬೆಳೆಯುತ್ತದೆ. ಇನ್ನೊಂದು, ಗ್ಯಾರೇಜಿನ ಬೆಚ್ಚಗಿನ ಮೂಲೆಗೆ ಒಯ್ದು, ಬೆಳವಣಿಗೆ ನಿಧಾನ ಮಾಡಿ, ಸೊನ್ನೆಗಿಂತ ಕೆಳಗೆ ಹೋಗದಂತೆ ಕಾಯುವುದು. ಎರಡನೆಯದನ್ನು ಆರಿಸಿದೆ. ಮೂರು ವಾರ ನಡೆಯಿತು ಕೂಡ. ಮಾರ್ಚ್ ಮೊದಲ ವಾರ ಮತ್ತೆ ಗಡಗಡ ನಡುಗಿಸುವ ಚಳಿ ಬಂತು. ಒಂದು ರಾತ್ರಿ ಗ್ಯಾರೇಜು ಮೈನಸ್ 5. ಬೆಳಿಗ್ಗೆ ಕೆಂಪು ತುದಿಗಳೆಲ್ಲ ಕಂದು. ಎರಡು ದಿನದಲ್ಲಿ ಮುಟ್ಟಿದರೆ ಉದುರುವಂತಾದವು.

ಅವತ್ತೂ ಟ್ರೈಡೆಂಟ್ ಅದರ ಪಕ್ಕದಲ್ಲೇ ಇತ್ತು. ಅದರ ಮೊಗ್ಗು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಏನೂ ಆಗಲಿಲ್ಲ.

ಮಹಜರು

ಮೇ ತಿಂಗಳಲ್ಲಿ ಎಲ್ಲವನ್ನೂ ಒಂದೊಂದಾಗಿ ನೋಡಿದೆ.

ಲಾರ್ಚ್ ಏಪ್ರಿಲ್‌ನಲ್ಲೇ ಹಸಿರು ಕುಚ್ಚು ಬಿಟ್ಟಿತ್ತು. ಆ ವರ್ಷ ಏಪ್ರಿಲ್ 14ಕ್ಕೂ ಹಿಮ, 27ಕ್ಕೂ ಹಿಮ. ಎಳೆ ಸೂಜಿಗಳ ಮೇಲೆ ಬಿದ್ದರೂ ಅದು ಕ್ಯಾರೇ ಅನ್ನಲಿಲ್ಲ. ಹಿಮದಲ್ಲಿ ತುಂಬಿಕೊಂಡ ಗಾಳಿ ಹತ್ತಿಯ ರಜಾಯಿಯ ಹಾಗೆ. ಮೈನಸ್ 31ರ ರಾತ್ರಿ ಅದರ ಬೇರಿಗೆ ಕೆಳಗಿನ ನೆಲ, ಸುತ್ತ ತೊಗಟೆ, ಮೇಲೆ ಹಿಮ. ನಾನು ಗ್ಯಾರೇಜಿನಲ್ಲಿ ಕಂಬಳಿ ಹೊದಿಸಿ ಮಾಡಿದ್ದನ್ನೇ ಅಲ್ಲಿ ಹಿಮ ಇನ್ನೂ ಚೆನ್ನಾಗಿ ಮಾಡಿತ್ತು.

ಟ್ರೈಡೆಂಟ್ ಗಿಡ ಸರಿಯಿತ್ತು, ಕುಂಡ ಸೀಳಿತ್ತು. ಹೊಟ್ಟೆ ಉಬ್ಬಿ, ಬಾಯಿ ಒಳಗೆ ಬಾಗಿದ ಕುಂಡ ಅದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಗೋಡೆ ಹೊರಕ್ಕೆ ಓರೆಯಾಗಿದ್ದರೆ ಮಣ್ಣಿನ ಗಡ್ಡೆ ಮೇಲಕ್ಕೆ ಜಾರುತ್ತದೆ. ಬಾಯಿ ಕಿರಿದಾಗಿದ್ದರೆ ಹೋಗಲು ಜಾಗ ಇಲ್ಲ. ಚಳಿಗಾಲಕ್ಕೆ ಅಂಥ ಕುಂಡ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಚೆಂದ ಕಾಣುತ್ತಿತ್ತು, ಕೊಂಡಿದ್ದೆ.

ಜುನಿಪರ್ ವಿಷಯ ಶುರುವಿನಲ್ಲೇ ಹೇಳಿದೆ. ಚಳಿಗಿಂತ ಅದನ್ನು ಕೊಂದದ್ದು ಬಾಯಾರಿಕೆ. ಬೇರಿನ ಉಂಡೆ ಬಿಡಿಸಿದರೆ ಮಣ್ಣು ಬೂದಿಯ ಹಾಗೆ ಉದುರಿತು. ಕಾಂಡವನ್ನು ಉಗುರಿನಿಂದ ಕೆರೆದೆ. ತೊಗಟೆ ಕೆಳಗೆ ಹಸಿರು ಇಲ್ಲ, ಹುಲ್ಲಿನ ಬಣ್ಣ. ಈ ಜಾತಿ ಸತ್ತ ಮೇಲೂ ವಾರಗಟ್ಟಲೆ ಹಸಿರಿನ ನಾಟಕ ಆಡುತ್ತದೆ. ಮಾಲ್‌ಗಳಲ್ಲಿ ಉಡುಗೊರೆಗೆಂದು ಮಾರುವ ಪುಟಾಣಿ ಜುನಿಪರ್ ಕೊಂಡು, ಟೀವಿ ಪಕ್ಕ ಇಟ್ಟು, "ಮೂರು ತಿಂಗಳು ಚೆನ್ನಾಗಿತ್ತು, ಆಮೇಲೆ ಒಂದೇ ಸಲ ಒಣಗಿತು" ಅನ್ನುವವರು ಎಷ್ಟೊಂದು ಜನ. ಒಂದೇ ಸಲ ಏನಲ್ಲ, ಮೊದಲೇ ಹೋಗಿರುತ್ತದೆ.

ಮೇಪಲ್‌ನ ಬೇರು ಬದುಕಿತ್ತು. ಕೆಳಗಿನ ದಪ್ಪ ಕೊಂಬೆಗಳಲ್ಲಿ, ಕಾಂಡದ ಮೇಲೆ, ಮಲಗಿದ್ದ ಹಳೇ ಮೊಗ್ಗುಗಳು ಏಪ್ರಿಲ್ ಕೊನೆಗೆ ಎದ್ದವು. ಆದರೆ ನೆತ್ತಿ ಹೋಗಿತ್ತು. ಬಲಗಡೆಯ ಸಣ್ಣ ರೆಂಬೆಗಳ ಜಾಲ ಪೂರ್ತಿ ಹೋಗಿತ್ತು. ಕತ್ತರಿ ಹಿಡಿದು ಸತ್ತದ್ದನ್ನು ತೆಗೆಯುತ್ತಾ ಹೋದರೆ ಮೇಜಿನ ಮೇಲೆ ಒಂದು ಹಿಡಿ ಕಡ್ಡಿ. ಐದು ವರ್ಷದ ಕೆಲಸದಲ್ಲಿ ಮೂರು ವರ್ಷದ್ದು ಆ ಹಿಡಿಯಲ್ಲಿತ್ತು.

ಮುಂದಿನ ಚಳಿಗಾಲ

2019ರ ಬೇಸಿಗೆಯಲ್ಲಿ ಉತ್ತರದ ಗೋಡೆಗೆ ಒತ್ತಿ ಒಂದು ಮರದ ಚೌಕಟ್ಟು ಮಾಡಿದೆ, ಎರಡು ಅಡಿ ಎತ್ತರ. ಬಿಸಿಲು ಬೀಳದ ಕಡೆಯೇ ಬೇಕು. ದಕ್ಷಿಣದ ಗೋಡೆಯ ಬಳಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಆಟದಲ್ಲಿ ಗಿಡ ಸುಸ್ತಾಗುತ್ತದೆ. ಕುಂಡಗಳನ್ನು ನೇರವಾಗಿ ನೆಲದ ಮೇಲಿಟ್ಟು ಅಂಚಿನವರೆಗೆ ತೊಗಟೆ ಚೂರು ತುಂಬುತ್ತೇನೆ. ಹಿಮ ಬಿದ್ದರೆ ತೆಗೆಯುವುದಿಲ್ಲ, ಬದಲಿಗೆ ದಾರಿಯಿಂದ ಬಾಚಿದ್ದನ್ನು ತಂದು ಇನ್ನಷ್ಟು ಸುರಿಯುತ್ತೇನೆ. ಉಪ್ಪು ಹಾಕಿದ ಕಡೆಯದ್ದಲ್ಲ, ಅದನ್ನು ನೋಡಿಕೊಳ್ಳಬೇಕು. ಇಲಿಗಳಿಗೆ ಈ ಬೆಚ್ಚಗಿನ ಜಾಗ ತುಂಬ ಇಷ್ಟ. ಮೇಪಲ್ ತೊಗಟೆ ಇನ್ನೂ ಇಷ್ಟ. ಕಾಂಡಕ್ಕೆ ತಂತಿ ಬಲೆ ಸುತ್ತುವುದನ್ನು ಆ ವರ್ಷವೇ ಕಲಿತೆ, ಒಂದು ಕಡೆ ಕಡಿಸಿಕೊಂಡ ಮೇಲೆ.

ಗ್ಯಾರೇಜಿಗೆ ಈಗ ಹೋಗುವುದು ಟ್ರೈಡೆಂಟ್ ಒಂದೇ, ನೆಲದ ಮೇಲೆ, ಹೊರಕ್ಕೆ ಓರೆಯಾದ ಕುಂಡದಲ್ಲಿ. ಪ್ರತಿ ಭಾನುವಾರ ಎತ್ತಿ ತೂಕ ನೋಡುತ್ತೇನೆ. ನೀರಿನ ಬದಲು ಎರಡು ಹಿಡಿ ಹಿಮ ಮೇಲೆ ಹಾಕಿದರೂ ನಡೆಯುತ್ತದೆ, ಮಣ್ಣು ಕರಗಿದಾಗ ಅದೂ ಕರಗಿ ಇಳಿಯುತ್ತದೆ. ಗಾಳಿಯ ತಂತಿಯನ್ನು ಥರ್ಮಾಮೀಟರಿನಿಂದ ಕಿತ್ತು ಹಾಕಿದ್ದೇನೆ. ಅದು ಇದ್ದರೆ ಮತ್ತೆ ಅದನ್ನೇ ನೋಡುತ್ತೇನೆ ಅಂತ ನನಗೆ ಗೊತ್ತು.

ಆ ವರ್ಷ ಅಕ್ಟೋಬರ್ 31ಕ್ಕೇ ಶಿಕಾಗೋದಲ್ಲಿ ಹಿಮ ಬಿತ್ತು. ಮೇಪಲ್‌ನಲ್ಲಿ ಇನ್ನೂ ಕೆಂಪು ಎಲೆಗಳಿದ್ದವು. ಅಮ್ಮ ಸಾಗರದಿಂದ ವಿಡಿಯೋ ಕಾಲ್ ಮಾಡಿದಾಗ ಕಿಟಕಿಯಿಂದಲೇ ತೋರಿಸಿದೆ.

"ಅಯ್ಯೋ, ಒಳಗೆ ತಗೊಂಡು ಬಾರೋ ಪಾಪ" ಅಂದರು.

"ಬೇಡ ಅಮ್ಮ" ಅಂದೆ. ಆಮೇಲೆ ಫೋನ್ ಇಟ್ಟು, ಎರಡು ಸಲ ಬಾಗಿಲ ತನಕ ಹೋಗಿ ವಾಪಸ್ ಬಂದೆ.